ಕಿಟಕಿ, ಎಸಿ ಪೈಪಿನ ಸಂದಿಗೆ ಯಾವ ಫೋಮ್ ತರಬೇಕು?

ಅಂಗಡಿಯಲ್ಲಿ ಬರೀ "ಪಿಯು ಫೋಮ್" ಅಂತ ಕೇಳಬೇಡಿ (ಪಿಯು ಅಂದರೆ ಪಾಲಿಯುರೆಥೇನ್; ಕ್ಯಾನಿನಿಂದ ಬಂದು ಉಬ್ಬಿ ಗಟ್ಟಿಯಾಗುವ ನೊರೆ). ಬಾಗಿಲು, ಕಿಟಕಿ ಚೌಕಟ್ಟಿನ ಸುತ್ತ ತುಂಬೋದಾದರೆ ಕಡಿಮೆ ಉಬ್ಬುವ ಫೋಮನ್ನೇ ಕೇಳಿ. ಸಾದಾ ಫೋಮ್ ಉಬ್ಬಿ ಚೌಕಟ್ಟನ್ನು ಒಳಕ್ಕೆ ತಳ್ಳುತ್ತೆ, ಆಮೇಲೆ ಬಾಗಿಲು ಹಿಡಿದುಕೊಳ್ಳುತ್ತೆ. ಎಸಿ ಪೈಪ್ ಹೋಗುವ ಗೋಡೆ ತೂತಿಗೆ ಸಾದಾದು ಸಾಕು. 5 ಮಿ.ಮೀ.ಗಿಂತ ಸಣ್ಣ ಬಿರುಕಿಗೆ ಫೋಮೇ ಬೇಡ, ಸೀಲೆಂಟ್ (ಸಂದಿ ಮುಚ್ಚುವ ಪೇಸ್ಟ್) ಹಾಕಿ.

ಮೊದಲು ದೂಳು ತೆಗೆದು ಸಂದಿಗೆ ನೀರು ಚಿಮುಕಿಸಿ. ಈ ಫೋಮ್ ಗಟ್ಟಿಯಾಗೋದೇ ತೇವದಿಂದ. ಒಣ ಇಟ್ಟಿಗೆ ಮೇಲೆ ಸರಿಯಾಗಿ ಕಚ್ಚೋದಿಲ್ಲ, ಒಳಗೆ ಹಸಿಯಾಗಿ ಉಳಿಯುತ್ತೆ. ಕ್ಯಾನನ್ನು ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ತಲೆಕೆಳಗಾಗಿ ಹಿಡಿದು ಅರ್ಧದಷ್ಟು ಮಾತ್ರ ತುಂಬಿ. ಆಳದ ಸಂದಿಯಾದರೆ ಪದರ ಪದರವಾಗಿ ಹಾಕಿ, ನಡುವೆ ನೀರು ಚಿಮುಕಿಸಿ. ಕೈಗವಸು ಕಡ್ಡಾಯ. ಕೈಗೋ ಚೌಕಟ್ಟಿಗೋ ಮೆತ್ತಿದ ಹಸಿ ಫೋಮ್ ಅಸಿಟೋನ್ ದ್ರಾವಕದಲ್ಲಿ ಒರೆಸಿದರೆ ಹೋಗುತ್ತೆ, ಒಣಗಿದರೆ ಕೆರೆಯಬೇಕಷ್ಟೇ.

ಮರುದಿನ ಉಬ್ಬಿದ್ದನ್ನು ಕಟರ್‌ನಲ್ಲಿ ಕೊಯ್ದು, ಹೊರಗಿನ ಕಡೆ ತಪ್ಪದೇ ಪುಟ್ಟಿ ಹಚ್ಚಿ ಬಣ್ಣ ಬಳಿಯಿರಿ. ಬಿಸಿಲು ತಾಗಿದರೆ ಹಳದಿಯಾಗಿ ಪುಡಿ ಉದುರುತ್ತೆ. ಒಲೆ, ಗೀಸರ್ ಹೊಗೆ ಕೊಳವೆ ಹತ್ತಿರ ಮಾತ್ರ ಬಳಸಲೇಬೇಡಿ, ಇದು ಉರಿಯುವ ವಸ್ತು.