ಯುದ್ಧಕಾಲದ ಬೆಲ್ಟು: ಅಸಲಿಯೋ ನಕಲಿಯೋ ನೋಡೋದು ಹೇಗೆ?

ಎರಡನೇ ಮಹಾಯುದ್ಧದ ಸೈನಿಕ ಸಾಮಾನು ಕೂಡಿಡುವ ಆಸೆ ಇದೆಯಾ? ಕೋಟು, ಹೆಲ್ಮೆಟ್ಟಿಗೆ ಈಗಲೇ ಕೈ ಹಾಕಬೇಡಿ, ಬೆಲ್ಟಿನಿಂದ ಶುರು ಮಾಡಿ. ಬ್ರಿಟಿಷ್ ಇಂಡಿಯನ್ ಆರ್ಮಿಯ ಸಿಪಾಯಿಗಳು ಬರ್ಮಾದಲ್ಲೂ ಇಟಲಿಯಲ್ಲೂ ಕಟ್ಟಿಕೊಂಡಿದ್ದ '1937 ಪ್ಯಾಟರ್ನ್' ವೆಬ್ಬಿಂಗ್, ಅಂದರೆ ದಪ್ಪ ಹತ್ತಿ ನೇಯ್ಗೆಯ ಬೆಲ್ಟು, ಭುಜಪಟ್ಟಿ, ಮದ್ದುಗುಂಡಿನ ಚೀಲಗಳು, ಲೆಕ್ಕವಿಲ್ಲದಷ್ಟು ತಯಾರಾಗಿದ್ದವು. ಹಾಗಾಗಿ ಈಗಲೂ ಸಿಗುತ್ತವೆ.

ಮೊದಲು ಮುದ್ರೆ ಹುಡುಕಿ. ಸರ್ಕಾರಿ ಮಾಲಿನ ಮೇಲೆ ಬಾಣದ ಗುರುತು ಇರುತ್ತದೆ. ಬಾಣದ ಕೆಳಗೆ ಇಂಗ್ಲಿಷಿನ 'ಐ' ಅಕ್ಷರ ಇದ್ದರೆ ಭಾರತದ್ದು, 'ಸಿ' ಒಳಗೆ ಬಾಣ ಕೂತಿದ್ದರೆ ಕೆನಡಾದ್ದು, 'ಯು' ಒಳಗಿದ್ದರೆ ದಕ್ಷಿಣ ಆಫ್ರಿಕಾದ್ದು. ಸಾಮಾನ್ಯವಾಗಿ ಪಕ್ಕದಲ್ಲೇ ಇಸವಿಯೂ ಇರುತ್ತದೆ. ಅದನ್ನು ಸರಿಯಾಗಿ ಓದಿ. ಇದೇ ಪ್ಯಾಟರ್ನು ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೇನೆಯಲ್ಲಿ ವರ್ಷಗಟ್ಟಲೆ ಓಡಿತು, ಆಮೇಲಿನ ಬೆಲ್ಟನ್ನು 'ಬರ್ಮಾ ಯುದ್ಧದ್ದು ಸಾರ್' ಅಂತ ತಲೆಗೆ ಕಟ್ಟುವವರು ಇದ್ದೇ ಇರುತ್ತಾರೆ.

ಆಮೇಲೆ ಸವೆತ. ನನ್ನ ಮಟ್ಟಿಗೆ ಮುದ್ರೆಗಿಂತ ಇದೇ ಮುಖ್ಯ, ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು ಅಲ್ವಾ! ಸಿಪಾಯಿಗಳು ಬೆಲ್ಟಿಗೆ ಬ್ಲ್ಯಾಂಕೊ ಅನ್ನುವ ಬಣ್ಣದ ಪೇಸ್ಟು ಬಳಿಯುತ್ತಿದ್ದರು. ಬಳಸಿದ ಬೆಲ್ಟಿನ ಹೊರಮೈಯಲ್ಲಿ ಅದು ನೇಯ್ಗೆಯ ಸಂದಿಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಹಿತ್ತಾಳೆ ತುಂಡಿನ ಅಡಿಯಲ್ಲಿ ಹಳೇ ಬಣ್ಣ ಉಳಿದಿರುತ್ತದೆ, ಪಟ್ಟಿ ಜಾರುತ್ತಿದ್ದ ಜಾಗ ಮಾತ್ರ ನುಣ್ಣಗಾಗಿರುತ್ತದೆ. ಟೀ ನೀರಲ್ಲಿ ಅದ್ದಿ ಹಳೇದು ಮಾಡಿದ್ದು ಎಲ್ಲ ಕಡೆ ಒಂದೇ ಥರ ಮಾಸಿರುತ್ತದೆ. ಸವೆದು ಹೋದ ನೂಲಿನ ಮೇಲೆ ಮುದ್ರೆಯ ಶಾಯಿ ಹೊಸದಾಗಿ ಕೂತಿದ್ದರೆ ಕೈಬಿಡಿ.

ಒಂದು ಯುವಿ ಟಾರ್ಚು ಇಟ್ಟುಕೊಳ್ಳಿ. ಕತ್ತಲಲ್ಲಿ ಹೊಲಿಗೆ ದಾರ ನೀಲಿಯಾಗಿ ಹೊಳೆದರೆ ಅನುಮಾನ ಪಡಿ, ಬಟ್ಟೆಗೆ ಹೊಳಪು ಕೊಡುವ ಆ ರಾಸಾಯನಿಕದ ಬಳಕೆ ಹರಡಿದ್ದು ಯುದ್ಧ ಮುಗಿದ ಮೇಲೆ. ಆದರೆ ಈಗಿನ ಡಿಟರ್ಜೆಂಟಿನಲ್ಲಿ ಒಗೆದ ಅಸಲಿಯೂ ಹೊಳೆಯುತ್ತದೆ, ಸುಮ್ನೆ ಇದೊಂದನ್ನೇ ನಂಬಬೇಡಿ. ಕೊಂಡ ಮೇಲೆ ನೀವೂ ಒಗೆಯಬೇಡಿ. ಒಳಗೆ ಸಿಪಾಯಿಯ ನಂಬರು ಬರೆದಿದ್ದರೆ ಅದೂ ಅಳಿಸಿ ಹೋಗುತ್ತದೆ.

ನಕಲಿ ಅಂದರೆ ಕೆಟ್ಟದ್ದು ಅಂತಲ್ಲ. ನಾಟಕಕ್ಕೆ, ಹಾಕಿಕೊಂಡು ಓಡಾಡೋದಕ್ಕೆ ಅದೇ ಸರಿ. ಹಳೇ ಸಮವಸ್ತ್ರದ ಹೊಲಿಗೆ ಒಂದೇ ಸಲಕ್ಕೆ ಬಿಟ್ಟುಕೊಳ್ಳಬಹುದು. ನಕಲಿಯ ಒಳಗೆ ಅಳಿಸದ ಶಾಯಿಯಲ್ಲಿ 'ನಕಲು' ಅಂತ ಬರೆದಿಡಿ, ನಾಳೆ ಅದು ಇನ್ನೊಬ್ಬರ ಕೈಗೆ ಹೋದಾಗ ಮೋಸ ಆಗಬಾರದು. ಈಗಿನ ಸೇನೆಯ ಸಮವಸ್ತ್ರದ ತಂಟೆಗೆ ಹೋಗಬೇಡಿ, ಸೈನಿಕ ಅಂತ ನಂಬಿಸಲು ಅದನ್ನು ತೊಡುವುದು ಅಪರಾಧ.

ಗ್ಯಾಸ್ ಮಾಸ್ಕ್ ಸಿಕ್ಕರೆ ಮುಖಕ್ಕೆ ಹಾಕಲೇಬೇಡಿ, ಆ ಕಾಲದ ಎಷ್ಟೋ ಫಿಲ್ಟರುಗಳಲ್ಲಿ ಆಸ್ಬೆಸ್ಟಾಸ್ ಇದೆ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಕಾಲದ್ದೇನಾದರೂ ಸಿಕ್ಕಿತೋ, ಅದೃಷ್ಟ! ಆದರೆ 100 ವರ್ಷ ದಾಟಿದ ಐತಿಹಾಸಿಕ ವಸ್ತು 1972ರ ಕಾಯ್ದೆಯಡಿ ಪುರಾತನ ವಸ್ತುವಾಗುತ್ತದೆ, ವಿದೇಶದ ಗೆಳೆಯರಿಗೆ ಪಾರ್ಸೆಲ್ ಮಾಡುವಂತಿಲ್ಲ.