ಲೇಕಾಕ್: ಹೊಸದಾಗಿ ಬಂದ ಕನ್ನಡಿಗರು ನೋಡಬೇಕಾದ ಒಂದು ಹಳ್ಳಿ

ಬ್ರಿಸ್ಟಲ್, ಸ್ವಿಂಡನ್, ರೆಡಿಂಗ್ ಕಡೆಗೆ ಕೆಲಸಕ್ಕೆಂದು ಬಂದ ಕನ್ನಡ ಕುಟುಂಬಗಳು ಲಂಡನ್, ಬಾತ್, ಸ್ಟೋನ್‌ಹೆಂಜ್‌ಗಳನ್ನು ನೋಡಿ ಮುಗಿಸಿದ ಮೇಲೆ, ಇಲ್ಲಿನ ಹಳೆಯ ಹಳ್ಳಿಯೊಂದನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು ಎಂದು ಕೇಳುವುದುಂಟು. ಹಾಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಹೆಸರು ಇಂಗ್ಲೆಂಡಿನ ವಿಲ್ಟ್‌ಶರ್ ಪ್ರಾಂತ್ಯದ ಲೇಕಾಕ್. ಸಿನಿಮಾದಲ್ಲಿ ಕಂಡ ಜಾಗವೆಂದು ಬರುವವರೇ ಅಲ್ಲಿ ಹೆಚ್ಚು. ಹ್ಯಾರಿ ಪಾಟರ್ ಚಿತ್ರಗಳ ಕೆಲವು ದೃಶ್ಯಗಳು ಅಲ್ಲಿನ ಮಠದ ಮೊಗಸಾಲೆಯಲ್ಲಿ ಚಿತ್ರೀಕರಣಗೊಂಡಿರುವುದು ನಿಜ. ಆದರೆ ಕನ್ನಡಿಗರು ಅಲ್ಲಿಗೆ ಹೋಗಲು ಅದಕ್ಕಿಂತ ದೊಡ್ಡ ಕಾರಣವಿದೆ: ಫೋಟೊಗ್ರಫಿಯ ಆರಂಭದ ಕಥೆ.

ಸಾಲ್ಸ್‌ಬರಿಯ ಕೌಂಟೆಸ್ ಆಗಿದ್ದ ಏಲಾ ಎಂಬ ವಿಧವೆ 13ನೆಯ ಶತಮಾನದಲ್ಲಿ ಸನ್ಯಾಸಿನಿಯರಿಗಾಗಿ ಕಟ್ಟಿಸಿದ ಮಠ ಅದು. ದೊರೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಕಟ್ಟಡ ಶ್ರೀಮಂತರ ಮನೆಯಾಯಿತು. ಕೆಳಗಿನ ಕಮಾನಿನ ಮೊಗಸಾಲೆ ಮಾತ್ರ ಮಠದ ಕಾಲದ್ದೇ ಆಗಿ ಉಳಿಯಿತು. 19ನೆಯ ಶತಮಾನದಲ್ಲಿ ಈ ಮನೆಯ ಒಡೆಯನಾಗಿದ್ದವನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ಕಾಗದದ ಮೇಲೆ ಫೋಟೊ ಮೂಡಿಸಲು ಆತ ಉಪ್ಪುನೀರು ಮತ್ತು ಸಿಲ್ವರ್ ನೈಟ್ರೇಟ್ ಬಳಿದ ಕಾಗದವನ್ನು ಮಸೂರವಿದ್ದ ಪುಟ್ಟ ಮರದ ಪೆಟ್ಟಿಗೆಯೊಳಗಿಟ್ಟು, ಬಿಸಿಲಿನಲ್ಲಿ ಬಹಳ ಹೊತ್ತು ಬಿಡುತ್ತಿದ್ದ. ಮನೆಯ ಸುತ್ತ ಅಲ್ಲಲ್ಲಿ ಬಿದ್ದಿರುತ್ತಿದ್ದ ಈ ಪೆಟ್ಟಿಗೆಗಳನ್ನು ಅವನ ಹೆಂಡತಿ ಕಾನ್‌ಸ್ಟನ್ಸ್ ಇಲಿಬೋನುಗಳೆಂದು ಕರೆಯುತ್ತಿದ್ದಳಂತೆ. 1835ರ ಆಗಸ್ಟ್‌ನಲ್ಲಿ ಅಂಥದೊಂದು ಪೆಟ್ಟಿಗೆಯಲ್ಲಿ ದಕ್ಷಿಣ ಗ್ಯಾಲರಿಯ ಕಿಟಕಿಯ ಪ್ರತಿಬಿಂಬ ಮೂಡಿತು. ಇಂದು ಉಳಿದಿರುವ ನೆಗೆಟಿವ್‌ಗಳಲ್ಲಿ (ಬೆಳಕು-ನೆರಳು ಅದಲುಬದಲಾಗಿ ಮೂಡುವ ಮೂಲಚಿತ್ರಗಳಲ್ಲಿ) ಅದೇ ಎಲ್ಲಕ್ಕಿಂತ ಹಳೆಯದು. ಅಂಚೆಚೀಟಿಗಿಂತ ಸ್ವಲ್ಪವೇ ದೊಡ್ಡದಾದ ಆ ಕಾಗದವನ್ನು ಭೂತಗನ್ನಡಿ ಹಿಡಿದು ನೋಡಿದರೆ ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಾಗಿತ್ತು ಎಂದು ಟಾಲ್ಬಟ್‌ನೇ ಬರೆದಿಟ್ಟಿದ್ದಾನೆ. ಆ ಕಿಟಕಿ ಈಗಲೂ ಅಲ್ಲೇ ಇದೆ. ಅದರ ಎದುರು ನಿಂತು, ಮಕ್ಕಳಿಗೆ ಚೌಕಗಳನ್ನು ಎಣಿಸಲು ಹೇಳಿ.

ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವ ಈ ದಾರಿ ಎರಡು ದಶಕಗಳೊಳಗೆ ನಮ್ಮ ನಾಡನ್ನೂ ಮುಟ್ಟಿತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನೂ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನೂ ಸೆರೆಹಿಡಿದದ್ದು ಕಾಗದದ ನೆಗೆಟಿವ್‌ಗಳಲ್ಲೇ. ಇಂದು ಮುರಿದುಹೋಗಿರುವ ಹಂಪಿಯ ಎಷ್ಟೋ ಕಟ್ಟಡಗಳು ಆಗ ಹೇಗಿದ್ದವೆಂದು ನಾವು ತಿಳಿಯುವುದು ಆ ಚಿತ್ರಗಳಿಂದ. ಅದನ್ನು ನೆನೆದಾಗಲೆಲ್ಲ ಈ ಹಳ್ಳಿ ನನಗೆ ಪರಕೀಯವೆನಿಸುವುದಿಲ್ಲ.

ಮಠದ ಬಾಗಿಲ ಬಳಿಯ ಫಾಕ್ಸ್ ಟಾಲ್ಬಟ್ ಮ್ಯೂಸಿಯಂ ನೋಡಿದ ಮೇಲೆ ಊರೊಳಗೆ ಬನ್ನಿ. ಬೀದಿಗಳು ನಾಲ್ಕೇ. 1944ರಲ್ಲಿ ಫಾಕ್ಸ್ ಟಾಲ್ಬಟ್‌ನ ಮೊಮ್ಮಗಳು ಮಟಿಲ್ಡಾ ಟಾಲ್ಬಟ್ ಮಠವನ್ನೂ ಹಳ್ಳಿಯನ್ನೂ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ದಾನವಾಗಿ ಕೊಟ್ಟದ್ದರಿಂದ ಮನೆಗಳ ಮುಖ ಹಾಗೆಯೇ ಉಳಿದಿದೆ. 14ನೆಯ ಶತಮಾನದ ಕಣಜದೊಳಗೆ ಹೋಗಿ ತಲೆಯೆತ್ತಿ ಮರದ ತೊಲೆಗಳನ್ನು ನೋಡಿ. ರೈತರು ಮಠಕ್ಕೆ ಸಲ್ಲಿಸಬೇಕಿದ್ದ ಧಾನ್ಯ, ಉಣ್ಣೆ, ಚರ್ಮಗಳು ಬಂದು ಬೀಳುತ್ತಿದ್ದುದು ಇಲ್ಲಿಗೆ. ಜಾರ್ಜ್ ಇನ್ ಎಂಬ ಹಳೆಯ ಪಬ್‌ನ ಒಲೆಯ ಬಳಿ ಮಾಂಸದ ಸರಳನ್ನು ತಿರುಗಿಸಲು ನಾಯಿಯನ್ನು ಓಡಿಸುತ್ತಿದ್ದ ಚಕ್ರ ಉಳಿದಿದೆ. ಚರ್ಚಿನ ಆಚೆ ಬೀದಿ ಇಳಿದರೆ ತೊರೆಯೊಂದು ರಸ್ತೆಯ ಮೇಲೆಯೇ ಹರಿಯುತ್ತದೆ. ಪಕ್ಕದಲ್ಲಿ ನಡೆದು ದಾಟಲು ಕಲ್ಲಿನ ಕಿರುಸೇತುವೆಯಿದೆ.

ಈ ಮನೆಗಳಲ್ಲಿ ಜನ ಬಾಡಿಗೆಗೆ ವಾಸವಾಗಿದ್ದಾರೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಕಿಟಕಿಯೊಳಗೆ ಇಣುಕುವುದು, ಅವರ ಹೊಸ್ತಿಲ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದು ಬೇಡ. ನಮ್ಮೂರ ಅಗ್ರಹಾರದ ಜಗುಲಿಯಲ್ಲಿ ಅಪರಿಚಿತರು ಹಾಗೆ ಮಾಡಿದರೆ ನಮಗೂ ಕಸಿವಿಸಿಯಾಗುತ್ತದೆ. ಹೊಲಗಳ ನಡುವಿನ ಸಾರ್ವಜನಿಕ ಕಾಲುದಾರಿಯಲ್ಲಿ ಎಲ್ಲರಿಗೂ ನಡೆಯುವ ಹಕ್ಕಿದೆ, ಆದರೆ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಬೇಕು. ಕರುವಿರುವ ಹಸುಗಳಿಂದ ದೂರವಿರಬೇಕು. ಮಳೆ ಬಂದ ಮರುದಿನ ಆ ದಾರಿಗಳು ಕೆಸರಿನ ಗದ್ದೆಯಂತಿರುತ್ತವೆ. ಸೀರೆ, ಚಪ್ಪಲಿಯಲ್ಲಿ ಹೊರಟ ಹಿರಿಯರನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆತಂದ ಅನುಭವ ನನಗಿದೆ.

ಲಂಡನ್–ಬಾತ್ ರೈಲುಗಳು ನಿಲ್ಲುವ ಚಿಪ್ಪನಂನಲ್ಲಿ ಇಳಿದರೆ ಅಲ್ಲಿಂದ ಲೇಕಾಕ್ ಸುಮಾರು ಐದು ಕಿಲೋಮೀಟರ್. ಬಸ್ಸಿದೆ, ಆದರೆ ಭಾನುವಾರದ ವೇಳಾಪಟ್ಟಿಯನ್ನು ಬೇರೆಯಾಗಿಯೇ ನೋಡಿಕೊಳ್ಳಿ. ಬೀದಿಗಳಲ್ಲಿ ತಿರುಗಾಡಲು ಹಣ ಕೊಡಬೇಕಿಲ್ಲ, ಮಠಕ್ಕೆ ಟಿಕೆಟ್ ಉಂಟು. ವರ್ಷಕ್ಕೆ ಮೂರ್ನಾಲ್ಕು ಇಂಥ ಜಾಗಗಳಿಗೆ ಹೋಗುವ ಕುಟುಂಬವಾದರೆ ನ್ಯಾಷನಲ್ ಟ್ರಸ್ಟ್ ಸದಸ್ಯತ್ವ ಪಡೆಯುವುದೇ ಲಾಭ. ಊಟಕ್ಕೆ ಪಬ್‌ಗೆ ಹೋಗುವುದಾದರೆ ಮಧ್ಯಾಹ್ನ ಎರಡರೊಳಗೆ ಹೋಗಿ. ಆಮೇಲೆ ಅಡುಗೆಮನೆ ಮುಚ್ಚುವುದು ಹಳ್ಳಿಗಳಲ್ಲಿ ಸಾಮಾನ್ಯ. ಚಪಾತಿ, ಪಲ್ಯ, ಮೊಸರನ್ನದ ಬುತ್ತಿ ಇದ್ದರೆ ಸಸ್ಯಾಹಾರಿಗಳಿಗೆ ಚಿಂತೆಯೇ ಇಲ್ಲ.

ಕಾರಿದ್ದು ದಿನ ಉದ್ದವಿರುವ ಬೇಸಿಗೆಯಾದರೆ ಸಮೀಪದ ಬೋವುಡ್ ಹೌಸ್ ಎಂಬ ಹಳೆಯ ಬಂಗಲೆಯನ್ನೂ ಸೇರಿಸಿಕೊಳ್ಳಿ. ಅಲ್ಲಿನ ಚಿಕ್ಕ ಕೋಣೆಯೊಂದರಲ್ಲಿ 1774ರ ಆಗಸ್ಟ್ 1ರಂದು ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಭೂತಗನ್ನಡಿಯಿಂದ ಬಿಸಿಲನ್ನು ಪಾದರಸದ ಭಸ್ಮದ ಮೇಲೆ ಹಾಯಿಸಿ, ಹೊರಬಂದ ಗಾಳಿಯಲ್ಲಿ ಮೇಣದ ಬತ್ತಿ ಧಗ್ಗನೆ ಉರಿದದ್ದನ್ನು ಕಂಡ. ಅದೇ ಆಮ್ಲಜನಕ.