ಎರಡು ಕುಂಡ, ಒಂದು ಬುಟ್ಟಿ ಉಸುಕು: ಕರೆಂಟಿಲ್ಲದೆ ತರಕಾರಿ ತಂಪಾಗಿಡುವ ಬಗೆ

ವಿಜಯಪುರ, ಬಾಗಲಕೋಟೆಯ ಬೇಸಿಗೆಯನ್ನು ನಾವು ಎಷ್ಟೇ ಹಳಿದರೂ, ಮಾರ್ಚ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಬೀಸುವ ಒಣಗಾಳಿಯೇ ಈ ಸಾಧನದ ಮುಖ್ಯ ಸಾಮಗ್ರಿ. ಒಂದರೊಳಗೊಂದು ಇಟ್ಟ ಎರಡು ಮಣ್ಣಿನ ಪಾತ್ರೆ, ಅವುಗಳ ನಡುವೆ ಹಸಿ ಉಸುಕು, ಮೇಲೊಂದು ಒದ್ದೆ ಬಟ್ಟೆ, ಇಷ್ಟೇ ಇದರ ರಚನೆ. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರು 1990ರ ದಶಕದಲ್ಲಿ ಇದನ್ನು ತಮ್ಮ ನಾಡಿನ ಹಳ್ಳಿಗಳಲ್ಲಿ ಬಳಕೆಗೆ ತಂದು, 2000ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ನಮ್ಮ ಹರವಿಯ ನೀರು ತಣ್ಣಗಾಗುವುದೂ ಇದೇ ತತ್ವದಿಂದ: ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 24 ಲಕ್ಷ ಜೂಲ್ ಶಾಖವನ್ನು ಹೀರುತ್ತದೆ, ಅಂದರೆ ಏಳು ಕಿಲೋ ಮಂಜುಗಡ್ಡೆ ಕರಗಲು ಬೇಕಾಗುವಷ್ಟು.

ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಕೋಣೆಯ ತಾಪ ಅಳೆಯುವ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ನೆರಳಿನಲ್ಲಿ ಬೀಸಣಿಗೆಯಿಂದ ಕೆಲವು ನಿಮಿಷ ಗಾಳಿ ಹಾಕಿದಾಗ ಅದು ಎಷ್ಟಕ್ಕೆ ಇಳಿದು ನಿಲ್ಲುತ್ತದೆಯೋ, ಆ ಹೊತ್ತಿಗೆ ನಿಮ್ಮ ಕುಂಡ ಅದಕ್ಕಿಂತ ಕೆಳಗೆ ಇಳಿಯಲಾರದು. ಗಾಳಿಯ ತಾಪ 40 ಡಿಗ್ರಿ, ತೇವಾಂಶ ಶೇಕಡಾ 20 ಇದ್ದರೆ ಈ ಮಿತಿ ಸುಮಾರು 22 ಡಿಗ್ರಿ. ಕುಂಡದ ಒಳಗೆ ಅದಕ್ಕಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ.

ಪಾತ್ರೆಗಳ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನೀರಿನ ಕೊಡ, ಗಡಿಗೆಗಳ ಕೊರಳು ಕಿರಿದಾಗಿರುವುದರಿಂದ ಒಂದರೊಳಗೆ ಇನ್ನೊಂದು ಹೋಗುವುದಿಲ್ಲ. ಆದ್ದರಿಂದ ಗಿಡ ನೆಡುವ ಅಗಲ ಬಾಯಿಯ ಮಣ್ಣಿನ ಕುಂಡಗಳೇ ಸರಿ. ಹೊರಗಿನದರ ಬಾಯಿ 14 ಇಂಚು, ಒಳಗಿನದರ ಬಾಯಿ 10 ಇಂಚು ಇದ್ದರೆ ನಡುವೆ ಒಂದರಿಂದ ಒಂದೂವರೆ ಇಂಚು ಜಾಗ ಉಳಿಯುತ್ತದೆ. ಬಣ್ಣ ಬಳಿದ ಕುಂಡ ಎಷ್ಟು ಚೆಂದ ಕಂಡರೂ ಬೇಡ, ಏಕೆಂದರೆ ಬಣ್ಣ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಎರಡೂ ಕುಂಡಗಳ ತಳದ ತೂತಿಗೆ ಹಂಚಿನ ಚೂರಿಟ್ಟು ಸಿಮೆಂಟಿನಿಂದ ಮುಚ್ಚಿ, ಅದು ಗಟ್ಟಿಯಾದ ಮೇಲೆ ಕುಂಡಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಡಬೇಕು.

ಉಸುಕನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಹೊಲದ ಎರೆಮಣ್ಣನ್ನು ಎಂದಿಗೂ ಬಳಸಬಾರದು. ಅದು ನೆನೆದಾಗ ಉಬ್ಬಿ ಕುಂಡವನ್ನೇ ಸೀಳಬಹುದು, ಒಣಗಿದಾಗ ಬಿರಿದು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನ ಕುಂಡದ ತಳಕ್ಕೆ ಉಸುಕು ಹಾಕಿ, ಎರಡರ ಅಂಚೂ ಒಂದೇ ಮಟ್ಟಕ್ಕೆ ಬರುವಂತೆ ಒಳಗಿನದನ್ನು ಕೂರಿಸಿ, ಸುತ್ತಲೂ ಉಸುಕು ತುಂಬಿ, ಅಂಚಿನಿಂದ ಒಂದು ಇಂಚು ಖಾಲಿ ಬಿಡಬೇಕು. ಈ ಖಾಲಿ ಜಾಗಕ್ಕೆ ಮುಂಜಾನೆ ಮತ್ತು ಸಂಜೆ, ಉಸುಕು ಕುಡಿಯುವಷ್ಟು ನೀರು ಹಾಕಬೇಕು. ಬಾಯಿಗೆ ದಪ್ಪನೆಯ ಒದ್ದೆ ಬಟ್ಟೆ ಅಥವಾ ಗೋಣಿತಟ್ಟು ಮುಚ್ಚಿ, ಮೂರು ಇಟ್ಟಿಗೆಯ ಮೇಲೆ, ಬಿಸಿಲು ತಾಗದ, ಗಾಳಿ ಆಡುವ ಪಡಸಾಲೆಯಲ್ಲಿ ಇಟ್ಟರಾಯಿತು. ಮುಚ್ಚಿದ ಅಡುಗೆಮನೆಯ ಮೂಲೆಯಲ್ಲಿಟ್ಟವರು ತಂಪಾಗಲಿಲ್ಲವೆಂದು ದೂರಿದರೆ ಅದು ಕುಂಡದ ತಪ್ಪಲ್ಲ.

ಮೆಂತ್ಯೆ, ಕೊತ್ತಂಬರಿ, ಹಕ್ಕರಕಿಯಂಥ ತಪ್ಪಲುಗಳು, ಬದನೆ, ಗಜ್ಜರಿ ಇದರಲ್ಲಿ ಬಾಡದೆ ಉಳಿಯುತ್ತವೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಗೆ ಈ ತೇವ ಆಗದು. ಮಾಗಿದ ಮಾವು, ಬಾಳೆ ಬಿಡುವ ಅನಿಲದಿಂದ ತಪ್ಪಲು ಬೇಗ ಹಳದಿಯಾಗುವುದರಿಂದ ಅವನ್ನು ಜೊತೆಗಿಡಬಾರದು. ಫ್ರಿಜ್ಜಿನ ತಂಪು ಇದಕ್ಕೆ ಬಾರದ ಕಾರಣ ಹಾಲು, ಮಾಂಸ, ಬೇಯಿಸಿದ ಅಡುಗೆಯನ್ನು ಇದರಲ್ಲಿ ಕಾಪಿಡಬಾರದು.

ಬೋರಿನ ಗಡಸು ನೀರು ಹಾಕುತ್ತಿದ್ದರೆ ಹೊರಗೋಡೆಯ ಮೇಲೆ ಬಿಳಿ ಉಪ್ಪು ಕೂತು ರಂಧ್ರಗಳು ಕಟ್ಟಿಕೊಳ್ಳುತ್ತವೆ. ನಲ್ಲಿಗೆ ನದಿ ನೀರು ಬರುವಲ್ಲಿ ಅದನ್ನೇ ಬಳಸಬೇಕು. ಉಪ್ಪು ಕಂಡಾಗ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಮಳೆಗಾಲದಲ್ಲಿ, ಅದರಲ್ಲೂ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ, ಗಾಳಿಯೇ ತೇವಗೊಂಡಿರುವುದರಿಂದ ಇದು ಕೆಲಸ ಮಾಡುವುದಿಲ್ಲ. ಆಗ ಉಸುಕು ಹೊರತೆಗೆದು ಒಣಗಿಸಿ, ಕುಂಡಗಳನ್ನು ಶಿವರಾತ್ರಿಯವರೆಗೆ ಬೋರಲು ಹಾಕಿಡಬೇಕು.